ಬೆಂಗಳೂರಿನ ಬಂದೂಕಿನ ಅಂಗಡಿಗಳ ಸೇವೆ: ಒಳಕೋಣೆಯ ಲೆಕ್ಕ

ಠೇವಣಿ ಇಟ್ಟಿದ್ದ ಕೋವಿಯನ್ನು ಅಂಗಡಿಯಿಂದ ವಾಪಸ್ ತೆಗೆದುಕೊಳ್ಳುವ ದಿನ ಮೊದಲು ನೋಡಬೇಕಾದ ಜಾಗ ಚೇಂಬರಿನ ಬಾಯಿ. ನಳಿಗೆ ಬಿಚ್ಚಿ, ತೋಟಾ ಕೂರುವ ತುದಿಯಿಂದ ಕಿಟಕಿಯ ಬೆಳಕಿಗೆ ಹಿಡಿಯಿರಿ. ತೋಟಾದ ಅಂಚು ತಾಗುವ ಗೆರೆಯ ಸುತ್ತ ಕಾಫಿಪುಡಿ ಉದುರಿಸಿದ ಹಾಗೆ ಕಂದು ಚುಕ್ಕಿ ಕಂಡರೆ, ಅಷ್ಟೂ ತಿಂಗಳು ಆ ನಳಿಗೆಯೊಳಗೆ ಒಂದು ಎಣ್ಣೆಬಟ್ಟೆಯೂ ಓಡಾಡಿಲ್ಲ ಎಂದೇ ತಿಳಿಯಬೇಕು. ಬಾಡಿಗೆಯನ್ನು ಮಾತ್ರ ಪೂರ್ತಿ ತಿಂಗಳ ಲೆಕ್ಕದಲ್ಲಿ ಕೇಳುತ್ತಾರೆ. ಇದು ಅನ್ಯಾಯ. ನಗರದ ಅಂಗಡಿಗಳ ಬಗ್ಗೆ ಹೆಚ್ಚು ಕೇಳಿಬರುವ ದೂರೂ ಇದೇ.

ಬೆಂಗಳೂರಿನಲ್ಲಿ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗಳು ಬೆರಳೆಣಿಕೆಯಷ್ಟು. ಜನ ಅವನ್ನು ಅಳೆಯುವುದು ಗಾಜಿನ ಕಪಾಟು ನೋಡಿ, ರಿವಾಲ್ವರಿನ ರೇಟು ಕೇಳಿ. ಆದರೆ ಬಂದೂಕು ಕೊಳ್ಳುವುದು ಜೀವಮಾನದಲ್ಲಿ ಒಂದು ಅಥವಾ ಎರಡು ಸಲ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ಮೇಲೆ ಒಬ್ಬರ ಹೆಸರಿಗೆ ಎರಡೇ ಬಂದೂಕು, ಅದಕ್ಕೆ ಮುಂಚೆ ಮೂರಿತ್ತು. ಕೊಂಡಾದ ಮೇಲೆ ಠೇವಣಿ, ತೋಟಾ, ರಿಪೇರಿ ಅಂತ ವರ್ಷವರ್ಷವೂ ಅದೇ ಮೆಟ್ಟಿಲು ಹತ್ತಬೇಕು. ಆದ್ದರಿಂದ ಇಲ್ಲಿ ಮಾರಾಟಕ್ಕಿಂತ ಮೊದಲು ಒಳಕೋಣೆಯ ವಿಚಾರ. ಅಂಗಡಿಗಳ ಹೆಸರು ಹಾಕಿಲ್ಲ. ಕೌಂಟರಿನಲ್ಲಿ ಕೂರುವವರು ಬದಲಾದರೆ ಅದೇ ಅಂಗಡಿಯ ಸೇವೆ ಬೇರೆಯೇ ಆಗುತ್ತದೆ. ನೋಡಬೇಕಾದ ಗುರುತುಗಳು ಮಾತ್ರ ಬದಲಾಗುವುದಿಲ್ಲ.

ಚುನಾವಣೆ ಬಂತೆಂದರೆ ಬಂದೂಕು ಠೇವಣಿ ಇಡಿ ಎಂದು ಠಾಣೆಯಿಂದ ಕರೆ ಬರುತ್ತದೆ. 2023ರ ವಿಧಾನಸಭಾ ಚುನಾವಣೆಗೆ ಮತದಾನ ನಡೆದದ್ದು ಮೇ 10ಕ್ಕೆ. ಮರುವರ್ಷದ ಲೋಕಸಭಾ ಚುನಾವಣೆಗೆ ನೀತಿಸಂಹಿತೆ ಮಾರ್ಚ್ 16ಕ್ಕೇ ಜಾರಿಗೆ ಬಂತು, ಎಣಿಕೆ ಮುಗಿದದ್ದು ಜೂನ್ 4ಕ್ಕೆ. ಹತ್ತಿರ ಹತ್ತಿರ ಮೂರು ತಿಂಗಳು. ಅದೂ ಎಂಥ ಮೂರು ತಿಂಗಳು! ಬೇಸಿಗೆಯ ಧೂಳು ಮೊದಲು ಉಕ್ಕಿನ ಮೇಲೆ ಕೂರುತ್ತದೆ, ಏಪ್ರಿಲ್ ಕೊನೆಯ ಮಳೆ ಶುರುವಾದ ಮೇಲೆ ಆ ಧೂಳು ತೇವ ಹಿಡಿಯುತ್ತದೆ. ತುಕ್ಕು ಹುಟ್ಟುವುದಕ್ಕೆ ಇದಕ್ಕಿಂತ ಬೇರೆ ಏನೂ ಬೇಡ. ಕಾನೂನಿನ ಪ್ರಕಾರ ಠಾಣೆಯಲ್ಲೂ ಇಡಬಹುದು, ಲೈಸೆನ್ಸ್ ಇರುವ ಅಂಗಡಿಯಲ್ಲೂ ಇಡಬಹುದು. ಠಾಣೆಯವರ ಕೆಲಸ ಜೋಪಾನವಾಗಿ ಬೀಗ ಹಾಕಿ ಇಡುವುದು. ಎಣ್ಣೆ ಹಚ್ಚಿ ನೋಡಿಕೊಳ್ಳಲಿ ಎಂದೇ ಜನ ಅಂಗಡಿಗೆ ದುಡ್ಡು ಕೊಡುತ್ತಾರೆ. ಆ ಒಂದು ಕೆಲಸವನ್ನೇ ಬಿಟ್ಟರೆ ಅಂಗಡಿಗೆ ಯಾಕೆ ಹೋಗಬೇಕು?

ಒಳ್ಳೆಯ ಅಂಗಡಿ ಯಾವುದು ಎಂದು ರಸೀದಿಯೇ ಹೇಳುತ್ತದೆ. 'ಗನ್ 1' ಎಂದು ಬರೆದು ಸೀಲು ಒತ್ತಿ ಕೊಡುವ ಅಂಗಡಿ ಇದೆ. ಅದು ರಸೀದಿಯೇ ಅಲ್ಲ. ಸರಿಯಾದ ರಸೀದಿ ಹೀಗಿರುತ್ತದೆ: 'ಡಿಬಿಬಿಎಲ್, 12 ಬೋರ್, ತಯಾರಕರ ಹೆಸರು, ನಂಬರ್, ನಳಿಗೆ 30 ಇಂಚು, ಹಿಡಿಯ ಎಡಗಡೆ ಒಂದೂವರೆ ಇಂಚು ಗೀರು, ಬಲ ನಳಿಗೆ ಒಳಗೆ ಸ್ವಚ್ಛ, ಎಡ ನಳಿಗೆಯಲ್ಲಿ ಬಾಯಿಂದ ನಾಲ್ಕು ಇಂಚಿಗೆ ಹಳೆಯ ಗುಳಿ ಎರಡು, ಬೆಲ್ಟ್ 1, ತೋಟಾ 4 ನಂಬರಿನವು 10, ಎಸ್‌ಜಿ 5.' ಡಿಬಿಬಿಎಲ್ ಎಂದರೆ ಹಿಂದಿನಿಂದ ತೋಟಾ ತುಂಬುವ ಜೋಡಿ ನಳಿಗೆ, ಬೋರ್ ಎಂದರೆ ನಳಿಗೆಯ ಒಳಅಳತೆ, ಎಸ್‌ಜಿ ಎಂದರೆ ದಪ್ಪ ಚರೆಯ ತೋಟಾ. ಇಷ್ಟು ಬರೆಯುವುದಕ್ಕೆ ಹತ್ತು ನಿಮಿಷ ಬೇಕು. ಬರೆದಿದ್ದರೆ ವಾಪಸ್ ತರುವಾಗ 'ಈ ಗುಳಿ ಮೊದಲೇ ಇತ್ತು' ಎಂಬ ಜಗಳಕ್ಕೆ ಎಡೆಯೇ ಇಲ್ಲ. ಗಿರಾಕಿಯೂ ಅಂಗಡಿಯವರ ಎದುರಿಗೇ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದುಕೊಳ್ಳಬೇಕು: ನಂಬರ್ ಇರುವ ಜಾಗ, ಹಿಡಿಯ ಎರಡೂ ಮಗ್ಗುಲು, ಚೇಂಬರಿನ ಬಾಯಿ. ಫೋಟೊ ತೆಗೆಯಬೇಡಿ ಎನ್ನುವ ಅಂಗಡಿಯಲ್ಲಿ ಬಂದೂಕು ಇಡಬೇಡಿ.

ತೋಟಾಗಳನ್ನೂ ಎಣಿಸಿ ಬರೆಸಬೇಕು. ಬರೀ 'ತೋಟಾ 15' ಎಂದರೆ ಸಾಲದು, ಚರೆಯ ನಂಬರಿನ ಪ್ರಕಾರ ಬೇರೆಬೇರೆ ಬರಬೇಕು. ಎಸ್‌ಜಿ ಕೊಟ್ಟು 6 ನಂಬರ್ ವಾಪಸ್ ತಂದವರು ಇದ್ದಾರೆ. ಎಣಿಕೆ ಸರಿಯಿದೆ, ಮಾಲು ಬೇರೆ.

ಇಡುವ ಕ್ರಮಕ್ಕೆ ಬರೋಣ. ಜೋಡಿ ನಳಿಗೆಯ ಕೋವಿಯನ್ನು ಮೂರು ಭಾಗ ಬಿಚ್ಚಿ, ನಳಿಗೆಯೊಳಗೆ ಮೊದಲು ಒಣ ಬಟ್ಟೆ, ಆಮೇಲೆ ಫಾಸ್ಫರ್ ಬ್ರಾಂಜ್ ಬ್ರಶ್ಶು ಐದಾರು ಸಲ, ಮತ್ತೆ ಒಣ ಬಟ್ಟೆ, ಕೊನೆಗೆ ತೆಳು ಬಂದೂಕೆಣ್ಣೆಯಲ್ಲಿ ಅದ್ದಿ ಹಿಂಡಿದ ಬಟ್ಟೆ. ಹಿಂಡಿದ ಎಂಬುದು ಮುಖ್ಯ. ತೊಟ್ಟಿಕ್ಕುವಷ್ಟು ಎಣ್ಣೆ ಹೊಯ್ದು ನಳಿಗೆ ಮೇಲೆ ಮಾಡಿ ನಿಲ್ಲಿಸಿದರೆ ಎಣ್ಣೆ ಮೆಲ್ಲಗೆ ಇಳಿದು ಆಕ್ಷನ್ನಿನ, ಅಂದರೆ ನಳಿಗೆ ಕೂರುವ ಉಕ್ಕಿನ ಭಾಗದ, ಹಿಂದಿನ ಮರಕ್ಕೆ ಸೇರುತ್ತದೆ. ವಾಲ್‌ನಟ್ ಮರ ಅಲ್ಲಿ ಕಪ್ಪಾಗಿ, ಮೆತ್ತಗಾಗಿ, ಒಂದು ದಿನ ಈಡು ಹೊಡೆದಾಗ ಹಿಡಿಯ ಸಣ್ಣ ಕತ್ತಿನ ಹತ್ತಿರ ಸೀಳುತ್ತದೆ. ಹಳೆಯ ಇಂಗ್ಲಿಷ್ ಕೋವಿಗಳ ಹಿಡಿ ಒಡೆದಿರುವುದನ್ನು ನೋಡಿದರೆ ಬಹುಪಾಲು ಅಲ್ಲೇ ಒಡೆದಿರುತ್ತದೆ. ತಿಳಿದವರು ದೀರ್ಘಕಾಲ ಇಡುವ ಕೋವಿಯನ್ನು ನಳಿಗೆ ಕೆಳಗೆ ಮಾಡಿ, ಅಡಿಗೆ ದಪ್ಪ ಬಟ್ಟೆಯ ಒತ್ತು ಕೊಟ್ಟು ನಿಲ್ಲಿಸುತ್ತಾರೆ. ಒಳಕೋಣೆಯ ಬಾಗಿಲು ತೆರೆದಾಗ ಕಣ್ಣಿಗೆ ಬೀಳುವ ಸಾಲಿನಲ್ಲಿ ಎಷ್ಟು ಕೋವಿ ಬಾಯಿ ಕೆಳಗಾಗಿ ನಿಂತಿವೆ ಎಂದು ನೋಡಿದರೆ ಸಾಕು, ಆ ಅಂಗಡಿಯವರಿಗೆ ಕೆಲಸ ಗೊತ್ತೋ ಇಲ್ಲವೋ ತಿಳಿಯುತ್ತದೆ.

ಚರ್ಮದ ಚೀಲದಲ್ಲಿ ಹಾಕಿ ಬೀಗ ಹಾಕುವುದು ಇನ್ನೊಂದು ತಪ್ಪು. ಅಂಗಡಿಗಿಂತ ಗಿರಾಕಿಯೇ ಇದನ್ನು ಹೆಚ್ಚು ಮಾಡುತ್ತಾರೆ. ಚರ್ಮ ಗಾಳಿಯ ತೇವ ಹೀರಿ ಹಿಡಿದಿಡುತ್ತದೆ, ಹದ ಮಾಡಿದಾಗಿನ ಉಪ್ಪು ಅದರಲ್ಲೇ ಇರುತ್ತದೆ. ಚೀಲ ಸಾಗಿಸಲು ಮಾತ್ರ. ಇಡುವಾಗ ಹತ್ತಿ ಬಟ್ಟೆಯ ತೆಳು ಗವಸು ಸಾಕು. ಹೊಲಿಸಿಕೊಂಡು ಹೋಗಿ ಕೊಟ್ಟರೂ ಆದೀತು.

ಹ್ಯಾಮರ್ ಒಳಗಿರುವ ಕೋವಿಯಾದರೆ ಸ್ಪ್ರಿಂಗನ್ನು ಎಳೆದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬಿಡಬಾರದು. ಸ್ನ್ಯಾಪ್ ಕ್ಯಾಪ್ ಎಂಬ ಪೊಳ್ಳು ತೋಟಾ ಎರಡು ಹಾಕಿ ಟ್ರಿಗರ್ ಎಳೆದು ಸ್ಪ್ರಿಂಗ್ ಸಡಿಲಿಸಿ ಇಡಬೇಕು. ಬರಿಗೈಯಲ್ಲಿ, ಅಂದರೆ ಖಾಲಿ ಚೇಂಬರಿನ ಮೇಲೆ ಎಳೆದರೆ ಪಿನ್ನು ಎದುರೊತ್ತಿಲ್ಲದೆ ಬಡಿದು ಕಾಲಕ್ರಮೇಣ ಮುರಿಯುತ್ತದೆ. ಸ್ನ್ಯಾಪ್ ಕ್ಯಾಪ್ ಇಟ್ಟುಕೊಂಡಿರುವ ಅಂಗಡಿ ನಿಜಕ್ಕೂ ಮೆಚ್ಚತಕ್ಕದ್ದು.

ಬಾಡಿಗೆಯ ಮಾತು ಇಡುವ ದಿನವೇ ಆಗಲಿ. ತಿಂಗಳಿಗೆ ಎಷ್ಟು, ಹತ್ತು ದಿನ ಹೆಚ್ಚಾದರೆ ಪೂರ್ತಿ ತಿಂಗಳೋ ಅರ್ಧವೋ, ಎಣ್ಣೆ ಹಚ್ಚುವುದು ಅದರಲ್ಲೇ ಸೇರಿದೆಯೋ ಇಲ್ಲವೋ, ಮೂರನ್ನೂ ರಸೀದಿಯ ಹಿಂದೆ ಬರೆಸಿ. ಬಿಡಿಸಿಕೊಳ್ಳುವ ದಿನ ಠಾಣೆಯ ಪತ್ರ, ಮೂಲ ಲೈಸೆನ್ಸ್, ರಸೀದಿ ಮೂರೂ ಬೇಕು; ಮಗನನ್ನೋ ಡ್ರೈವರನ್ನೋ ಕಳಿಸಿದರೆ ಕೊಡುವ ಹಾಗಿಲ್ಲ. 'ಅವರನ್ನೇ ಕಳಿಸಿ' ಎನ್ನುವ ಅಂಗಡಿಯ ಮೇಲೆ ಸಿಟ್ಟಾಗಬೇಡಿ, ಅವರು ನಿಮ್ಮನ್ನು ಉಳಿಸುತ್ತಿದ್ದಾರೆ. ಹಾಗೆ ಯಾರ ಕೈಗೋ ಕೊಟ್ಟು ಕಳಿಸುವ ಅಂಗಡಿಯೇ ಅಪಾಯ.

ಠೇವಣಿಯಲ್ಲಿರುವಾಗ ಲೈಸೆನ್ಸ್ ಅವಧಿ ಮುಗಿಯುವುದು ಮತ್ತೊಂದು ತಾಪತ್ರಯ. 2019ರ ತಿದ್ದುಪಡಿಯಿಂದ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಅನುಕೂಲವೇನೋ ಆಯಿತು, ಮರೆವೂ ಅಷ್ಟೇ ಹೆಚ್ಚಿತು. ಅವಧಿಗೆ ಎರಡು ತಿಂಗಳಿದೆ ಎನ್ನುವಾಗಲೇ ನವೀಕರಣದ ಅರ್ಜಿ ಹೋಗಿರಬೇಕು. ಬೆಂಗಳೂರು ನಗರದವರಿಗೆ ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಆಯುಕ್ತರ ಕಚೇರಿ, ಹೊಸಕೋಟೆ, ನೆಲಮಂಗಲದ ಕಡೆಯವರಿಗೆ ಜಿಲ್ಲಾಧಿಕಾರಿ ಕಚೇರಿ. ಎಲ್ಲಿ ಕೊಟ್ಟರೂ ಯುಐಎನ್ ನಂಬರ್ ಕೇಳುತ್ತಾರೆ, ದೇಶದ ಲೈಸೆನ್ಸ್‌ಗಳನ್ನೆಲ್ಲ ಒಂದೇ ದತ್ತಾಂಶಕ್ಕೆ ತಂದಾಗ ಕೊಟ್ಟ ಗುರುತಿನ ಸಂಖ್ಯೆ ಅದು. ಠೇವಣಿ ಪುಸ್ತಕದ ಪಕ್ಕದಲ್ಲಿ ಲೈಸೆನ್ಸ್ ಮುಗಿಯುವ ತಾರೀಕನ್ನೂ ಬರೆದಿಟ್ಟುಕೊಂಡು, 'ಗೌಡ್ರೇ, ನಿಮ್ದು ಮುಂದಿನ ತಿಂಗಳಿಗೆ ಮುಗೀತದೆ' ಎಂದು ಫೋನ್ ಮಾಡುವ ಅಂಗಡಿ ಇದ್ದರೆ ಬಾಡಿಗೆ ನೂರು ರೂಪಾಯಿ ಹೆಚ್ಚಾದರೂ ಅಲ್ಲೇ ಇಡಿ.

ಮನೆಯ ಯಜಮಾನರು ತೀರಿಕೊಂಡಾಗ ಅಂಗಡಿಯ ನಡತೆ ಪೂರ್ತಿ ಬಯಲಾಗುತ್ತದೆ. ಲೈಸೆನ್ಸ್ ಅವರ ಹೆಸರಿನಲ್ಲಿತ್ತು. ಈಗ ಅಟ್ಟದ ಮೇಲಿರುವ ಕೋವಿ ಮನೆಯವರ ಪಾಲಿಗೆ ಲೈಸೆನ್ಸ್ ಇಲ್ಲದ ಕೋವಿ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ತಡ ಮಾಡದೆ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಅಂಗಡಿಯಲ್ಲಿ ಅದನ್ನು ಠೇವಣಿ ಇಡಬೇಕು. ಆಮೇಲೆ ಮರಣ ಪ್ರಮಾಣಪತ್ರ, ಮೂಲ ಲೈಸೆನ್ಸ್, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಜೋಡಿಸಿ ಒಬ್ಬರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಕೊಡದೆ ಹೋದರೆ ಅರ್ಹರಿಗೆ ಮಾರಬಹುದು. ಇದಕ್ಕೆಲ್ಲ ಕಾಲಮಿತಿ ಇದೆ, ಕೈಕಟ್ಟಿ ಕೂತರೆ ಸರ್ಕಾರಕ್ಕೆ ಸೇರುತ್ತದೆ. ಇದನ್ನು ಹದಿನೈದು ನಿಮಿಷ ಕೂರಿಸಿ, ಒಂದು ಚೀಟಿಯಲ್ಲಿ ಬರೆದು ಹೇಳುವ ಅಂಗಡಿ ಬೆಂಗಳೂರಿನಲ್ಲಿದೆ. 'ಅಮ್ಮಾ, ಇದೆಲ್ಲ ನಿಮಗ್ಯಾಕೆ, ಎಷ್ಟೋ ಒಂದಕ್ಕೆ ಕೊಟ್ಟುಬಿಡಿ' ಎಂದು ದುಃಖದ ಮನೆಯವರಿಂದ ಒಳ್ಳೆಯ ಜೋಡಿ ನಳಿಗೆಯನ್ನು ಕವಡೆ ಕಾಸಿಗೆ ಬರೆಸಿಕೊಳ್ಳುವ ಕೌಂಟರೂ ಇದೆ. ಆ ಗಡಿಬಿಡಿಯಲ್ಲಿ ಮಾರಲೇಬೇಡಿ. ಮೊದಲು ಠೇವಣಿ, ರಸೀದಿ. ಬೆಲೆಯ ಮಾತು ತಿಂಗಳಾದ ಮೇಲೆ, ಎರಡು ಕಡೆ ಕೇಳಿ. ಯಜಮಾನರು ಬದುಕಿರುವಾಗಲೇ ಮಾಡುವ ದಾರಿಯೂ ಇದೆ: 70 ವರ್ಷ ತುಂಬಿದ್ದರೆ, ಅಥವಾ ಬಂದೂಕು 25 ವರ್ಷ ಅವರ ಬಳಿಯೇ ಇದ್ದರೆ, 2016ರ ನಿಯಮಗಳು ವಾರಸುದಾರರ ಹೆಸರಿಗೆ ವರ್ಗಾಯಿಸಲು ಅವಕಾಶ ಕೊಡುತ್ತವೆ. ಈ ಮಾತನ್ನು ತಾವಾಗಿಯೇ ಹೇಳುವ ಅಂಗಡಿಗಳು ಕಡಿಮೆ, ಹೇಳಿದರೆ ಅವರಿಗೆ ಒಂದು ಮಾರಾಟ ತಪ್ಪುತ್ತದಲ್ಲ.

ಇನ್ನು ಕೊಳ್ಳುವ ಕೌಂಟರು. 1980ರ ದಶಕದ ನಡುವಿನಿಂದ ಸಾಮಾನ್ಯ ಜನರಿಗೆ ಹೊರದೇಶದ ಬಂದೂಕು ತರಿಸುವ ದಾರಿ ಮುಚ್ಚಿತು. ಹಾಗಾಗಿ ಅದಕ್ಕೂ ಹಿಂದೆ ಬಂದ ಇಂಗ್ಲಿಷ್, ಬೆಲ್ಜಿಯಂ ಕೋವಿಗಳೇ ಕೈಯಿಂದ ಕೈಗೆ ಓಡಾಡುತ್ತಿವೆ, ಹೆಸರಿಗೇ ಬೆಲೆ ಏರಿದೆ. ಹೆಸರು ನೋಡಿ ದುಡ್ಡು ಕೊಟ್ಟು ಮೋಸ ಹೋಗುವುದು ಇಲ್ಲೇ ಹೆಚ್ಚು. ಕೌಂಟರಿನ ಆಚೆಯವರು ಬಂದೂಕನ್ನು ಕೈಗೆ ಕೊಡುವ ಮೊದಲು ತಾವೇ ನಳಿಗೆ ಬಾಗಿಸಿ ತೆರೆದು, ಎರಡೂ ಚೇಂಬರ್ ಖಾಲಿ ಎಂದು ತೋರಿಸಿ ಕೊಡಬೇಕು. ಮುಚ್ಚಿದ ಬಂದೂಕನ್ನು ಹಾಗೇ ಚಾಚುವ ಅಂಗಡಿಯಿಂದ ಅಲ್ಲೇ ಹೊರಗೆ ಬನ್ನಿ.

ಕೈಗೆ ಬಂದ ಮೇಲೆ ಆತುರ ಬೇಡ. ನಳಿಗೆಯ ಅಡಿಯ ಮುಂಗೈ ಮರ ತೆಗೆದು, ನಳಿಗೆಯನ್ನು ಆಕ್ಷನ್ನಿಗೆ ಕೂರಿಸಿ, ಹಿಡಿ ಗಟ್ಟಿಯಾಗಿ ಹಿಡಿದು ನಳಿಗೆಯನ್ನು ಅತ್ತಿತ್ತ ಅಲುಗಿಸಿ. ಕಟಕಟ ಎಂದರೆ ಕೊಂಡಿ ಸವೆದಿದೆ. ಬೆಳಕಿಗೆ ಹಿಡಿದಾಗ ನಳಿಗೆಗೂ ಹಿಂದಿನ ಗೋಡೆಗೂ ನಡುವೆ ಗೆರೆ ಕಂಡರೂ ಅದೇ ಕಾಯಿಲೆ. ಇದು ರಿಪೇರಿಯಾಗುತ್ತದೆ, ಆದರೆ ಅಗ್ಗದ ರಿಪೇರಿ ಅಲ್ಲ, ಬೆಲೆಯಲ್ಲಿ ಇಳಿಸಬೇಕು. ಮುಂದೆ ನಳಿಗೆಯನ್ನು ಬಿಚ್ಚಿ, ಕೆಳಗಿನ ಕೊಕ್ಕೆಗೆ ಬೆರಳು ಹಾಕಿ ನೇತುಬಿಟ್ಟು, ಉಗುರಿನಿಂದ ಟಣ್ ಎನಿಸಿ. ಗಂಟೆಯ ಹಾಗೆ ಎಳೆದು ನಿಂತರೆ ಎರಡು ನಳಿಗೆ ಸೇರಿಸಿದ ಬೆಸುಗೆ ಗಟ್ಟಿ. ಒಡಕು ಮಡಕೆಯ ಹಾಗೆ ದಬ್ ಎಂದರೆ ನಳಿಗೆಗಳ ನಡುವಿನ ಪಟ್ಟಿ ಎಲ್ಲೋ ಬಿಟ್ಟಿದೆ, ಆ ಸಂದಿಯಲ್ಲಿ ನೀರು ಸೇರಿ ಹೊರಗೆ ಕಾಣದ ತುಕ್ಕು ತಿನ್ನುತ್ತಿರುತ್ತದೆ. ಆಮೇಲೆ ಒಳಗೆ ನೋಡುವುದು. ಟ್ಯೂಬ್‌ಲೈಟಿಗೆ ಹಿಡಿದರೆ ಎಲ್ಲ ನಳಿಗೆಯೂ ಕನ್ನಡಿಯಂತೆ ಹೊಳೆಯುತ್ತದೆ, ಅದನ್ನು ನಂಬಬೇಡಿ. ಕಿಟಕಿಯ ಚೌಕಟ್ಟಿನ ಅಂಚಿಗೆ ಹಿಡಿದು ಮೆಲ್ಲಗೆ ತಿರುಗಿಸಿ. ಒಳಗೆ ಓಡುವ ನೆರಳಿನ ಗೆರೆ ನೇರವಾಗಿರಬೇಕು. ಗೆರೆ ಒಂದು ಕಡೆ ಸೊಟ್ಟಗಾದರೆ ಹೊರಗಿಂದ ನೆಗ್ಗು, ಸುತ್ತಲೂ ಉಂಗುರದ ಹಾಗೆ ಕಂಡರೆ ಉಬ್ಬು. ನೆಗ್ಗು ಎತ್ತಿಸಬಹುದು. ಉಂಗುರದ ಉಬ್ಬಿದ್ದರೆ ಕೊಳ್ಳಬೇಡಿ. ಎಂದೋ ನಳಿಗೆಯೊಳಗೆ ಮಣ್ಣೋ ಬಟ್ಟೆಯೋ ಸಿಕ್ಕಿಕೊಂಡಿದ್ದಾಗ ಈಡು ಹೊಡೆದಿದ್ದಾರೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಚೇಂಬರಿನ ಉದ್ದ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅನೇಕವು ಎರಡೂವರೆ ಇಂಚಿನವು, ತೋಟಾ ಡಬ್ಬಿಯ ಲೆಕ್ಕದಲ್ಲಿ 65 ಮಿಲಿಮೀಟರ್ ಎನ್ನುವುದು ಇದನ್ನೇ. ಈಗಿನ ತೋಟಾಗಳಲ್ಲಿ 70 ಮಿಲಿಮೀಟರಿನವು ಬರುತ್ತವೆ. ಕೊರಳಿನ ಮಡಿಕೆ ಮುಚ್ಚಿರುವಾಗ ಉದ್ದದ ತೋಟಾವೂ ಚಿಕ್ಕ ಚೇಂಬರಿನಲ್ಲಿ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ. ತೊಂದರೆ ಆಗುವುದು ಹೊಡೆದಾಗ: ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಚೇಂಬರಿನ ಮುಂದಿನ ಇಳಿಜಾರಿಗೆ ನುಗ್ಗಿ ದಾರಿ ಕಟ್ಟುತ್ತದೆ, ಒತ್ತಡ ಏರುತ್ತದೆ. ನೂರು ವರ್ಷದ ನಳಿಗೆಗೆ ಅದು ಬೇಡದ ಪರೀಕ್ಷೆ. ಬಹಳಷ್ಟು ಕೋವಿಗಳಲ್ಲಿ ಚೇಂಬರಿನ ಉದ್ದ ನಳಿಗೆಯ ಅಡಿಯ ಚಪ್ಪಟೆ ಭಾಗದಲ್ಲಿ ಪ್ರೂಫ್ ಮುದ್ರೆಗಳ, ಅಂದರೆ ನಳಿಗೆಯ ಬಲ ಪರೀಕ್ಷಿಸಿ ಒತ್ತಿದ ಗುರುತುಗಳ, ಜತೆ ಕೊರೆದಿರುತ್ತದೆ; ತೀರ ಹಳೆಯವುಗಳಲ್ಲಿ ಇರದೆಯೂ ಇರಬಹುದು. ಲಿಯೇಜ್ ಪಟ್ಟಣದ ಬೆಲ್ಜಿಯಂ ಕೋವಿಯಾದರೆ ಮೊಟ್ಟೆಯಾಕಾರದ ಗೆರೆಯೊಳಗೆ ಇಎಲ್‌ಜಿ ಎಂಬ ಮುದ್ರೆ ಕಾಣುತ್ತದೆ. ಈಗಿನ ಹೊಗೆರಹಿತ ಮದ್ದಿಗೆ ಪರೀಕ್ಷಿಸಿದೆ ಎಂದು ಹೇಳುವ ನೈಟ್ರೊ ಪ್ರೂಫ್ ಎಂಬ ಮಾತು ಎಲ್ಲೂ ಇಲ್ಲದೆ, ನಳಿಗೆಯ ಮೇಲೆ ನೀರಿನ ಅಲೆಯಂಥ ಡಮಾಸ್ಕಸ್ ಚಿತ್ತಾರ ಇದ್ದರೆ, ಅದು ಕರಿಮದ್ದಿನ ಕಾಲದ ಕೋವಿ. ಗೋಡೆಗೆ ಚೆಂದ, ಇಂದಿನ ತೋಟಾ ಅದಕ್ಕೆ ಹಾಕಬಾರದು. ಇಷ್ಟನ್ನು ಗಿರಾಕಿ ಕೇಳುವ ಮೊದಲೇ ಅಂಗಡಿಯವರು ಹೇಳಬೇಕು. ಚೇಂಬರ್ ಗೇಜು ಮೇಜಿನ ಖಾನೆಯಿಂದ ತೆಗೆದು ಇಳಿಸಿ ತೋರಿಸುವವರು ಬಲು ಅಪರೂಪ. 'ಎಲ್ಲಾ ತೋಟಾನೂ ಹೋಗ್ತದೆ ಸಾರ್' ಎನ್ನುವವರೇ ಜಾಸ್ತಿ.

ಹೊಸ ಬಂದೂಕಿನ ವಿಷಯ ಇಷ್ಟು ಕಷ್ಟವಿಲ್ಲ. ಸರ್ಕಾರದ ಆರ್ಡ್‌ನೆನ್ಸ್ (ಶಸ್ತ್ರಾಸ್ತ್ರ) ಕಾರ್ಖಾನೆಗಳನ್ನು 2021ರ ಅಕ್ಟೋಬರ್ 1ರಿಂದ ಏಳು ಕಂಪನಿಗಳಾಗಿ ಒಡೆದರು. ಬಂದೂಕುಗಳು ಈಗ ಕಾನ್ಪುರದ ಅಡ್ವಾನ್ಸ್‌ಡ್ ವೆಪನ್ಸ್ ಕಂಪನಿಯವು, ತೋಟಾಗಳು ಪುಣೆಯ ಮ್ಯುನಿಷನ್ಸ್ ಇಂಡಿಯಾದವು. ಜನ ಇನ್ನೂ 'ಐಒಎಫ್' (ಇಂಡಿಯನ್ ಆರ್ಡ್‌ನೆನ್ಸ್ ಫ್ಯಾಕ್ಟರಿ) ಎಂದೇ ಕೇಳುತ್ತಾರೆ. .32 ರಿವಾಲ್ವರ್, ಅಶನಿ ಪಿಸ್ತೂಲು, .315 ರೈಫಲ್, 12 ಬೋರಿನ ಪಂಪ್ ಆಕ್ಷನ್ ಇವೇ ಹೆಚ್ಚು ಓಡುವ ಮಾಲು. ಇವಕ್ಕೆ ಕಾರ್ಖಾನೆಯ ದರವಿದೆ, ಅದರ ಮೇಲೆ ತೆರಿಗೆ, ಸಾಗಣೆ, ಅಂಗಡಿಯ ಲಾಭ. ನಾಲ್ಕನ್ನೂ ಬಿಡಿಸಿ ಬರೆದ ಕೊಟೇಶನ್ ಕೇಳಿ. ಒಟ್ಟು ಮೊತ್ತವನ್ನಷ್ಟೇ ಚೀಟಿಯಲ್ಲಿ ಗೀಚಿ ಕೊಡುವ ಕಡೆ ಮುಂಗಡ ಕಟ್ಟಬೇಡಿ. ಮುಂಗಡ ಕಟ್ಟಿದರೆ ಮಾಡೆಲ್, ಬರುವ ಅಂದಾಜು ತಿಂಗಳು, ಬಾರದಿದ್ದರೆ ದುಡ್ಡು ವಾಪಸ್ ಎಂಬ ಸಾಲು ರಸೀದಿಯಲ್ಲಿರಲಿ. ಲೈಸೆನ್ಸ್‌ನಲ್ಲಿ ಬಂದೂಕು ಕೊಳ್ಳಲು ಕೊಟ್ಟ ಅವಧಿ ಓಡುತ್ತಲೇ ಇರುತ್ತದೆ. ಅಂಗಡಿಯವರು ತಡ ಮಾಡಿದರೆ ಅವಧಿ ವಿಸ್ತರಣೆಗೆ ಕಚೇರಿ ಸುತ್ತುವವರು ನೀವು.

ಖಾಸಗಿಯವರಿಂದ ಕೊಳ್ಳುವುದಾದರೆ, ಮಾರುವವರು ಜಿಲ್ಲಾ ದಂಡಾಧಿಕಾರಿಗೋ ಠಾಣೆಗೋ ಬರೆದು ತಿಳಿಸಿ 45 ದಿನ ಕಳೆಯಬೇಕು. 'ಅಂಗಡಿಯ ಮೂಲಕ ಮಾಡಿಸಿದರೆ ನಾಳೆಯೇ ಆಗುತ್ತೆ' ಎಂಬ ಮಾತಿಗೆ ಕಿವಿಗೊಡಬೇಡಿ.

ತೋಟಾ ಕೊಳ್ಳುವಾಗ ಅಂಗಡಿಯ ಹುಡುಗನ ತಿಳಿವಳಿಕೆ ಎಷ್ಟೆಂದು ಗೊತ್ತಾಗಿಬಿಡುತ್ತದೆ. .32 ಎಂದ ಕೂಡಲೇ ಡಬ್ಬಿ ಎಳೆಯುವವನಿಗೆ ಕೆಲಸ ಗೊತ್ತಿಲ್ಲ. ರಿವಾಲ್ವರಿಗೆ ಬೇಕಾದದ್ದು .32 ಎಸ್ ಅಂಡ್ ಡಬ್ಲ್ಯು ಲಾಂಗ್, ಹಿಂಬದಿಯಲ್ಲಿ ಅಗಲವಾದ ಅಂಚಿರುವ ಉದ್ದ ತೋಟಾ. ಪಿಸ್ತೂಲಿಗೆ 7.65 ಮಿಲಿಮೀಟರಿನ ಗಿಡ್ಡದ್ದು, ಅಂಚು ಅಷ್ಟಾಗಿ ಕಾಣದು. ಗಿಡ್ಡದ್ದು ರಿವಾಲ್ವರಿನ ಗುಂಡಿಗಳಲ್ಲಿ ಜಾರಿ ಕೂತುಬಿಡುತ್ತದೆ, ಅದೇ ಅಪಾಯ. 'ರಿವಾಲ್ವರಾ ಪಿಸ್ತೂಲಾ' ಎಂದು ಮೊದಲು ಕೇಳಿ, ಲೈಸೆನ್ಸ್ ಪುಸ್ತಕ ತೆರೆದು ನೋಡಿ, ಆಮೇಲೆ ಡಬ್ಬಿ ತೆಗೆಯಬೇಕು. ಕೋವಿಗಳಲ್ಲಿ ಇದಕ್ಕಿಂತ ಭಯಂಕರವಾದ ಅದಲುಬದಲು 20 ಬೋರಿನದು. 12 ಬೋರಿನ ನಳಿಗೆಯ ಒಳಗಿನ ಅಗಲ ಸುಮಾರು 18.5 ಮಿಲಿಮೀಟರ್, 20 ಬೋರಿನದು 15.6. 12ರ ಚೀಲದಲ್ಲಿ ತಪ್ಪಿ ಸೇರಿದ 20ರ ತೋಟಾ ಚೇಂಬರಿನಿಂದ ಮುಂದೆ ಜಾರಿ ಇಳಿಜಾರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಖಾಲಿ. ಮತ್ತೊಂದು ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿಯುವುದು ಎಡಗೈ ಹಿಡಿದ ಜಾಗದಲ್ಲೇ. ಈ ಎರಡು ಬೋರಿನ ಡಬ್ಬಿಗಳನ್ನು ಒಂದೇ ಖಾನೆಯಲ್ಲಿ ಇಟ್ಟಿರುವ ಅಂಗಡಿ ಕಂಡರೆ ಮುಖಕ್ಕೇ ಹೇಳಿ, ಸಂಕೋಚ ಬೇಡ.

ಖಡ್ಕಿಯ ಶಕ್ತಿಮಾನ್ ತೋಟಾಗಳೇ ನಮ್ಮಲ್ಲಿ ಎಲ್ಲೆಡೆ. ಡಬ್ಬಿಯ ಮೇಲಿನ ತಯಾರಿಯ ವರ್ಷ ಓದಿ, ಒಂದೆರಡನ್ನು ಹೊರಗೆ ತೆಗೆದು ಹಿತ್ತಾಳೆಯ ಮೇಲೆ ಹಸಿರು ಕಟ್ಟಿದೆಯೇ, ಕೊರಳು ಊದಿದೆಯೇ ನೋಡಿ. ಊದಿದ್ದು ಚೇಂಬರಿನಲ್ಲಿ ಬಿಗಿದುಕೊಳ್ಳುತ್ತದೆ. ಕೊಂಡ ಪ್ರತಿಯೊಂದು ಡಬ್ಬಿಯೂ ಲೈಸೆನ್ಸ್ ಪುಸ್ತಕದಲ್ಲಿ ಏರಬೇಕು. ವರ್ಷಕ್ಕೆ ಎಷ್ಟು, ಒಮ್ಮೆಗೆ ಎಷ್ಟು ಎಂದು ಅದರಲ್ಲೇ ಬರೆದಿರುತ್ತದೆ. 'ಬರೆಯೋದು ಬೇಡ ಬಿಡಿ ಸಾರ್' ಎನ್ನುವುದು ಉಪಕಾರವಲ್ಲ. ಲೆಕ್ಕ ತಪ್ಪಿದರೆ ನವೀಕರಣದಲ್ಲಿ ಸಿಕ್ಕಿಬೀಳುವವರು ನೀವೇ.

ಇಲ್ಲಿ ಒಂದು ಮಾತು ಬೇಸರದಿಂದಲೇ ಬರೆಯಬೇಕು. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನಿಂದ ಬೆಳೆಗಾರರು ಬೆಳಗಿನ ಬಸ್ಸಿಗೆ ಬಂದು ಈ ಅಂಗಡಿಗಳ ಬೆಂಚಿನ ಮೇಲೆ ಕೂತಿರುತ್ತಾರೆ. ಕೈಯಲ್ಲಿ ಒಂಟಿ ನಳಿಗೆಯ ಎಸ್‌ಬಿಬಿಎಲ್, ಇಲ್ಲವೇ ಬೆಳೆ ಕಾಯುವ, ಬಾಯಿಯಿಂದ ಮದ್ದು ತುಂಬುವ ಎಸ್‌ಬಿಎಂಎಲ್ ಕೇಪಿನ ಕೋವಿ. ಬೇಕಾದದ್ದು ಒಂದು ಸ್ಪ್ರಿಂಗು, ಇಲ್ಲವೇ ಕೇಪು ಕೂರಿಸುವ ಒಂದು ನಿಪ್ಪಲ್ಲು. ಕಾರಿನಲ್ಲಿ ಬಂದು ಪಿಸ್ತೂಲು ಕೇಳುವವರಿಗೆ ಕುರ್ಚಿ, ಕಾಫಿ. ಇವರಿಗೆ 'ಮಧ್ಯಾಹ್ನ ಬನ್ನಿ'. ಮಧ್ಯಾಹ್ನ ಬಂದರೆ ರಿಪೇರಿಯವರು ಊಟಕ್ಕೆ ಹೋಗಿರುತ್ತಾರೆ, ಸಂಜೆಯ ಬಸ್ಸು ತಪ್ಪುತ್ತದೆ. ಕಾನೂನು ಕೂಡ ಮೊದಲ ಜಾಗ ಕೊಟ್ಟಿರುವುದು ಇವರಿಗೇ: ಕಾಯ್ದೆಯ 13ನೇ ಕಲಂ ರಕ್ಷಣೆಗೂ ಕ್ರೀಡೆಗೂ 20 ಇಂಚಿಗೆ ಕಡಿಮೆಯಿಲ್ಲದ, ಒಳಗೆ ನಯವಾದ ನಳಿಗೆಯ ಕೋವಿಯನ್ನೂ ಬೆಳೆ ರಕ್ಷಣೆಗೆ ಬಾಯಿಮದ್ದಿನ ಕೋವಿಯನ್ನೂ ಹೆಸರಿಟ್ಟು ಹೇಳುತ್ತದೆ. ಕೊಡವರಿಗೆ, ಕೊಡಗಿನ ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದಲೇ ವಿನಾಯಿತಿ ಇದೆ, 2029ರವರೆಗೆ ವಿಸ್ತರಿಸಿದ್ದಾರೆ. ಅವರು ವಿನಾಯಿತಿ ಪತ್ರ ತೋರಿಸಿದಾಗ 'ಇದೇನ್ರೀ, ಲೈಸೆನ್ಸ್ ಎಲ್ಲಿ' ಎಂದು ಕೇಳುವವರನ್ನು ಕೌಂಟರಿನಲ್ಲಿ ಕೂರಿಸಬಾರದು. ದೂರದಿಂದ ಬಂದವರ ಕೆಲಸ ಮೊದಲು ಹಿಡಿದು, ಮೂರು ಗಂಟೆಯೊಳಗೆ ಕಳಿಸುವ ಒಬ್ಬ ಹಿರಿಯ ರಿಪೇರಿಯವರು ಇರುವ ಅಂಗಡಿಗೆ ಮಲೆನಾಡಿನವರೆಲ್ಲ ಹುಡುಕಿಕೊಂಡು ಹೋಗುವುದು ಸುಮ್ಮನೆ ಅಲ್ಲ.

ರಿಪೇರಿಗೆ ಕೊಡುವಾಗ ಹೊಡೆದ ಖಾಲಿ ತೋಟಾ ಎರಡು ತೆಗೆದುಕೊಂಡು ಹೋಗಿ. ತೋಟಾದ ತಳದ ಕ್ಯಾಪಿನ ಮೇಲೆ ಪಿನ್ನು ಬಡಿದ ಗುಳಿ ನೋಡಿಯೇ ಅರ್ಧ ಕಾಯಿಲೆ ಹೇಳಬಹುದು. ಗುಳಿ ಆಳವಾಗಿ ನಡುವೆ ಇದ್ದೂ ಹೊತ್ತದಿದ್ದರೆ ತೋಟಾದ ತಪ್ಪು. ಗುಳಿ ತೇಲಿದ್ದರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಪಿನ್ನಿನ ದಾರಿಯಲ್ಲಿ ಹಳೆಯ ಎಣ್ಣೆ ಗಟ್ಟಿಯಾಗಿ ಅಂಟಾಗಿದೆ. ಒಂದು ಬದಿಗೆ ಬಿದ್ದಿದ್ದರೆ ನಳಿಗೆ ಸರಿಯಾಗಿ ಕೂತಿಲ್ಲ. ರಿವಾಲ್ವರಿನಲ್ಲಿ ಗುಳಿ ಬದಿಗೆ ಸರಿದಿದ್ದರೆ ಸಿಲಿಂಡರು ಗುರಿಗೆ ನಿಲ್ಲುತ್ತಿಲ್ಲ ಎಂದು, ಅದನ್ನು ಹಾಗೇ ಹೊಡೆಯುವುದು ಸರಿಯಲ್ಲ. ಖಾಲಿ ತೋಟಾ ನೋಡದೆ 'ಪಿನ್ ಬದಲಾಯಿಸೋಣ' ಎನ್ನುವವರು ಊಹೆ ಮಾಡುತ್ತಿದ್ದಾರೆ. ಬದಲಿಸಿದ ಹಳೆಯ ಬಿಡಿಭಾಗವನ್ನು ಕೇಳಿ ಪಡೆಯಿರಿ. ಟ್ರಿಗರ್ ಹಗುರ ಮಾಡಿಕೊಡಿ ಎಂದು ಮಾತ್ರ ಕೇಳಬೇಡಿ. ಜೋಡಿ ನಳಿಗೆಯಲ್ಲಿ ಮುಂದಿನ ಟ್ರಿಗರಿಗೆ ಸುಮಾರು 1.6 ಕಿಲೊ, ಹಿಂದಿನದಕ್ಕೆ ಅದಕ್ಕಿಂತ ತುಸು ಹೆಚ್ಚು ಎಳೆತ ಇರಬೇಕು. ಅದಕ್ಕಿಂತ ಇಳಿಸಿದರೆ ಒಂದು ನಳಿಗೆಯ ಏಟಿಗೆ ಇನ್ನೊಂದೂ ಸಿಡಿಯಬಹುದು. ಕೇಳಿದ ಕೂಡಲೇ ಅರ ಹಿಡಿಯುವವರಿಗಿಂತ 'ಬೇಡ' ಎನ್ನುವ ರಿಪೇರಿಯವರು ಮೇಲು.

ಏರ್‌ಗನ್ನಿನ ಗಿರಾಕಿಗಳು ಈಗ ಹೆಚ್ಚು, ಬಹಳಷ್ಟು ಮಂದಿ ಶಾಲಾ ಮಕ್ಕಳ ತಂದೆತಾಯಿ. .177 ಬೋರಿನ, 20 ಜೂಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ, ಗುರುತಿನ ಮತ್ತು ವಿಳಾಸದ ದಾಖಲೆ ಕೊಟ್ಟರೆ ಸಾಕು. 'ಲೈಸೆನ್ಸ್ ಬೇಡ' ಎಂದರೆ ಪಾರಿವಾಳಕ್ಕೋ ಕೋತಿಗೋ ಹೊಡೆಯಬಹುದು ಎಂದಲ್ಲ, ಅಂಗಡಿಯವರು ಇದನ್ನು ಬಿಲ್ಲಿನ ಜತೆಗೇ ಹೇಳಬೇಕು. 10 ಮೀಟರ್ ಸ್ಪರ್ಧೆ ಕಲಿಯುವ ಮಗುವಿಗೆ 7.5 ಜೂಲ್ ಆಸುಪಾಸಿನದು ಸಾಕು. ಅರ್ಧ ಗ್ರಾಂ ಗುಂಡು ಸೆಕೆಂಡಿಗೆ 175 ಮೀಟರ್ ಹೋದರೆ ಅಷ್ಟಾಗುತ್ತದೆ. 'ಪವರ್ ಜಾಸ್ತಿ ಇರೋದು ತಗೊಳ್ಳಿ' ಎಂದು ದಪ್ಪ ಸ್ಪ್ರಿಂಗಿನದನ್ನು ತಳ್ಳುವ ಅಂಗಡಿ ಮಗುವಿನ ಭುಜವನ್ನೂ ಗುರಿಯನ್ನೂ ಕೆಡಿಸುತ್ತದೆ. ಸ್ಪ್ರಿಂಗ್ ಏರ್‌ಗನ್ನನ್ನು ಗುಂಡಿಲ್ಲದೆ ಹೊಡೆದು ತೋರಿಸುವುದೂ ತಪ್ಪು, ಗಾಳಿಯ ತಡೆ ಇಲ್ಲದೆ ಪಿಸ್ಟನ್ನು ಮುಂದಿನ ಗೋಡೆಗೆ ಬಡಿದು ಸೀಲು ಹರಿಯುತ್ತದೆ.

ಬಂದೂಕು ಕೊಂಡಿರಲಿ, ರಿಪೇರಿಗೆ ಕೊಟ್ಟಿರಲಿ, ಠೇವಣಿಯಿಂದ ಬಿಡಿಸಿರಲಿ, ಮೆಟ್ಟಿಲಿಳಿಯುವ ಮೊದಲು ಒಂದು ಕೆಲಸ ಬಾಕಿ. ಹಳೆಯ ಕೋವಿಗಳ ನಂಬರ್ ಸವೆದಿರುತ್ತದೆ. 1 ಯಾವುದು 7 ಯಾವುದು, 3 ಯಾವುದು 8 ಯಾವುದು ಬರಿಗಣ್ಣಿಗೆ ತಿಳಿಯದು. ಅಂದಾಜಿನಲ್ಲಿ ಬಿಲ್ಲು ಬರೆದರೆ ಅದೇ ತಪ್ಪು ಲೈಸೆನ್ಸ್ ಪುಸ್ತಕಕ್ಕೆ, ಅಲ್ಲಿಂದ ಕಂಪ್ಯೂಟರಿಗೆ ಏರುತ್ತದೆ. ಕಚೇರಿಯಲ್ಲಿ ಬಂದೂಕು ಹಾಜರುಪಡಿಸುವ ದಿನ ನಂಬರ್ ತಾಳೆಯಾಗದೆ ತಿಂಗಳುಗಟ್ಟಲೆ ತಿದ್ದುಪಡಿಗೆ ಅಲೆಯಬೇಕಾಗುತ್ತದೆ. ಒಂದು ಚೂರು ಬಿಳಿ ಚಾಕ್ ತೆಗೆದುಕೊಂಡು ನಂಬರಿನ ಮೇಲೆ ತಿಕ್ಕಿ, ಮೇಲಿನ ಪುಡಿಯನ್ನು ಬೆರಳಲ್ಲಿ ಒರೆಸಿ, ಟಾರ್ಚನ್ನು ಮಗ್ಗುಲಿಂದ ಹಿಡಿಯಿರಿ. ಕೊರೆದ ಗೆರೆಗಳಲ್ಲಿ ಉಳಿದ ಬಿಳಿ ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ, ಬಿಲ್ಲು, ಲೈಸೆನ್ಸ್, ಅಂಗಡಿಯ ಪುಸ್ತಕ ಮೂರರಲ್ಲೂ ಬೆರಳಿಟ್ಟು ತಾಳೆ ನೋಡಿ, ಆಮೇಲೆ ಸಹಿ ಹಾಕಿ.